ಪಂಕ್ಚರಮ್ಮನ ಬಾಗಿಲ ಮೇಲಿನ ಸೊನ್ನೆ

ಶಾಲೆಯ ಗೇಟಿನ ಎದುರಿಗೆ, ರಸ್ತೆ ತಿರುಗುವ ಮೂಲೆಯಲ್ಲಿ ಒಂದು ಪಂಕ್ಚರ್ ಅಂಗಡಿ. ಅಂಗಡಿ ಅಂತ ಹೇಳುವುದು ಮರ್ಯಾದೆಗೆ. ಒಳಗೆ ಇಬ್ಬರು ಕೂತರೆ ಮೂರನೆಯವರು ರಸ್ತೆಯಲ್ಲಿ ನಿಂತೇ ಮಾತಾಡಬೇಕು. ಗೋಡೆಯ ಮೊಳೆಗಳಿಗೆ ಹಾವಿನ ಹಾಗೆ ಜೋತುಬಿದ್ದ ಟ್ಯೂಬುಗಳು, ಮೂಲೆಯಲ್ಲಿ ಗಾಳಿ ಪಂಪು, ಹೊಸ್ತಿಲಿಗೆ ಒತ್ತಿಕೊಂಡು ನೀರಿನ ಬೋಗುಣಿ, ಪಕ್ಕದಲ್ಲಿ ಆಳೆತ್ತರದ ಹಳೇ ಟೈರುಗಳ ರಾಶಿ. ಆ ರಾಶಿಗೆ ಬೆನ್ನು ಕೊಟ್ಟು ಮರದ ಮಣೆಯ ಮೇಲೆ ಕೂತವಳು ಪಂಕ್ಚರಮ್ಮ. ಗಾಳಿ ತುಂಬಿಸಿಕೊಳ್ಳುವವರೂ ಅವಳ ಹತ್ತಿರ ಬರಬೇಕು, ಗಾಳಿ ಇಳಿಸಿಕೊಳ್ಳುವವರೂ ಅವಳ ಹತ್ತಿರವೇ ಬರಬೇಕು ಅಂತ ಬೀದಿಯಲ್ಲಿ ಒಂದು ಮಾತಿತ್ತು. ಅವಳ ಬಾಯಿ ಅಂಥದು.

ಅಂಗಡಿ ಮೊದಲು ಗಂಡನದಾಗಿತ್ತು. ಒಂದು ದಿನ ಅವನ ಎಡಗೈ ಎಡಗಾಲು ಸ್ವಾಧೀನ ತಪ್ಪಿ ಮಂಚ ಹಿಡಿದ. ನಾಳೆ ಸರಿಹೋದಾನು, ನಾಡಿದ್ದು ಸರಿಹೋದಾನು ಅಂತ ಕಾದು ಕಾದು, ಕೊನೆಗೆ ಅವಳೇ ಮಂಡಿಯ ಮೇಲೊಂದು ಹಳೇ ಗೋಣಿಚೀಲ ಹಾಸಿಕೊಂಡು ಅಂಗಡಿಯಲ್ಲಿ ಕೂತಳು. ರಾತ್ರಿ ಮನೆಗೆ ಬಂದರೆ ಅವನು ಮಲಗಿದಲ್ಲಿಂದಲೇ ಪಾಠ ಹೇಳುತ್ತಿದ್ದ.

"ಸೊಲ್ಯೂಷನ್ ಹಚ್ಚಿದ ಕೂಡಲೇ ಪ್ಯಾಚ್ ಅಂಟಿಸಬೇಡ ಕಣೇ. ಒಣಗೋಕೆ ಬಿಡು. ಕೋಪ ಬಂದ ಹೆಂಡತೀನ ಬಿಟ್ಟ ಹಾಗೆ ಬಿಡು."

"ಹಾಗೆ ಬಿಟ್ಟಿದ್ದಕ್ಕೇ ನಿಮ್ಮ ಸಂಸಾರ ಇಷ್ಟು ದಿನ ಅಂಟಿಕೊಂಡಿರೋದು" ಅಂತ ಅವಳು.

ಮೊದಲು ಬಂದ ಗಿರಾಕಿ ಒಬ್ಬ ಸ್ಕೂಟರಿನವನು. ಅವಳನ್ನು ನೋಡಿ, ಚಕ್ರ ನೋಡಿ, ಹಲ್ಲು ಕಿರಿದು ಕೇಳಿದ: "ಹೆಂಗಸು ಹಾಕಿದ ಪ್ಯಾಚು ನಿಲ್ಲುತ್ತೇನಮ್ಮ?"

"ನಿಲ್ಲದಿದ್ರೆ ತಳ್ಕೊಂಡು ವಾಪಸ್ ಬನ್ನಿ. ನಿಂತ್ರೆ ಯಾರಿಗೂ ಹೇಳಬೇಡಿ, ನಿಮಗೇ ನಾಚಿಕೆ."

ಅವನು ಹೇಳಿದ್ದು ಬೀದಿಗೆಲ್ಲ. ಗಂಡ ಹೋದ ಮೇಲೂ ಅಂಗಡಿ ನಿಂತಿದ್ದು ಹಾಗೆ.

ಪ್ಯಾಚನ್ನು ಅವಳು ಯಾವತ್ತೂ ಚೌಕಕ್ಕೆ ಕತ್ತರಿಸಿದವಳಲ್ಲ. ಮೂಲೆ ಇದ್ದರೆ ಮೂಲೆಯಿಂದಲೇ ಏಳುತ್ತೆ ಅಂತ ಗುಂಡಗೆ ಕತ್ತರಿಸಿ, ಅಂಚನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡಿ ಅಂಟಿಸುತ್ತಿದ್ದಳು. ಬೆರಳಾಡಿಸಿದರೆ ಎಲ್ಲಿ ಟ್ಯೂಬು ಮುಗಿಯಿತು, ಎಲ್ಲಿ ಪ್ಯಾಚು ಶುರುವಾಯಿತು ಅಂತ ತಿಳಿಯಬಾರದು. ಆ ಕೈ ಇನ್ನೊಬ್ಬಳಿಗೆ ಬಂದಿತ್ತು ಅಂದರೆ ಮೊಮ್ಮಗಳಿಗೆ ಮಾತ್ರ. ಹುಡುಗಿಯ ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಪಾಳಿಯ ಮೇಲೆ ದುಡಿಯುತ್ತಿದ್ದಳು. ಹಾಗಾಗಿ ಶಾಲೆ ಬಿಟ್ಟ ಮೇಲೆ ಹುಡುಗಿಗೆ ಅಂಗಡಿಯೇ ಮನೆ. ಕಡ್ಡಿಯ ಹಾಗಿದ್ದ ಅವಳನ್ನು ಅಜ್ಜಿ 'ವಾಲ್‌ಟ್ಯೂಬು' ಅನ್ನುತ್ತಿದ್ದಳು. ಸೈಕಲ್ ಚಕ್ರದ ಬಾಯಲ್ಲಿ ಗಾಳಿ ಹಿಡಿದಿಡುವ ಎಳೆಯಷ್ಟು ರಬ್ಬರು ಅದು. ನೋಡಲು ಏನೂ ಅಲ್ಲ, ಅದಿಲ್ಲದಿದ್ದರೆ ಚಕ್ರ ಉರುಳದು. ಬೀದಿಯ ಅಷ್ಟೂ ಮಕ್ಕಳ ಸೈಕಲ್ಲಿಗೆ ವಾಲ್‌ಟ್ಯೂಬು ಪ್ಯಾಚು ಹಾಕಿದ್ದಳು. ಅವಳಿಗೆ ಮಾತ್ರ ಸೈಕಲ್ ಇರಲಿಲ್ಲ.

ಹೋದ ಮಳೆಗಾಲ ಬೀದಿಗೆ ಡೆಂಗಿ ಜ್ವರ ಬಂತು. ಮನೆಗೊಬ್ಬರಂತೆ ಮಲಗಿದರು, ಎದ್ದರು. ಪಕ್ಕದ ಅಂಗಡಿಯ ದರ್ಜಿಯ ಚಿಕ್ಕ ಮಗಳು ಏಳಲಿಲ್ಲ. ಆಸ್ಪತ್ರೆಗೆ ಹೋದ ಕೂಸು ವಾಪಸ್ ಬರಲಿಲ್ಲ.

ಕಡ್ಡಿ ಗೀರಿದ ಹಾಗೆ ಮಾತು ಹತ್ತಿಕೊಂಡಿತು. ಸೊಳ್ಳೆ ಎಲ್ಲಿಂದ ಬಂತು? ಮೂಲೆಯ ಟೈರುಗಳಿಂದ. ಟೈರಿನ ಹೊಟ್ಟೆಯಲ್ಲಿ ಮಳೆನೀರು ನಿಂತರೆ ಸಾಕು, ಸೊಳ್ಳೆಗೆ ತವರುಮನೆ. ಮಾತು ಸುಳ್ಳಲ್ಲ. ಆದರೆ ಆ ಮಳೆಗಾಲ ನೀರು ನಿಂತಿದ್ದು ಅವಳ ಟೈರಿನಲ್ಲಿ ಒಂದರಲ್ಲೇ ಅಲ್ಲ, ಬೀದಿಯ ಪ್ರತಿ ಮನೆಯ ಡ್ರಮ್ಮು, ಹೂಕುಂಡದ ತಟ್ಟೆ, ಒಡೆದ ಬಕೆಟ್ಟಿನಲ್ಲೆಲ್ಲ ನಿಂತಿತ್ತು. ಅದನ್ನು ಯಾರೂ ಹೇಳಲಿಲ್ಲ. ದರ್ಜಿ ಒಂದು ಮಾತೂ ಆಡಲಿಲ್ಲ. ದಿನಾ ಅವಳ ಜೊತೆ ಟೀ ಕುಡಿದು, "ಅಕ್ಕಾ, ನಿಮ್ಮ ಬಾಯಿಗೂ ಒಂದು ಪ್ಯಾಚ್ ಹಾಕ್ಕೊಳ್ಳಿ" ಅಂತ ನಗುತ್ತಿದ್ದವನು, ಹೊಲಿಗೆ ಮಷಿನ್ನನ್ನೇ ತಿರುಗಿಸಿ ಅವಳಿಗೆ ಬೆನ್ನು ಮಾಡಿ ಕೂತ. ಅವನು ಬೈದಿದ್ದರೆ ಅವಳೂ ನಾಲ್ಕು ಬೈದು ಹಗುರಾಗುತ್ತಿದ್ದಳು. ಬೈಯಲಿಲ್ಲ. ಆ ಬೆನ್ನನ್ನು ನೋಡುತ್ತಾ ದಿನವಿಡೀ ಕೆಲಸ ಮಾಡಬೇಕಾಯಿತು.

ಯಾರಿಗೂ ಹೇಳದೆ ಅವಳು ಒಂದು ಕೆಲಸ ಮಾಡಿದಳು. ಕಬ್ಬಿಣದ ಸಲಾಕೆ ಕೆಂಪಗೆ ಕಾಯಿಸಿ, ರಾಶಿಯ ಪ್ರತಿ ಟೈರಿನ ಎರಡೂ ಮಗ್ಗುಲಿಗೆ ತೂತು ಹಾಕಿದಳು. ಹೇಗೆ ಬಿದ್ದುಕೊಂಡಿದ್ದರೂ ನೀರು ಕೆಳಗೆ ಸೋರಿಹೋಗಬೇಕು. ಸುಟ್ಟ ರಬ್ಬರಿನ ನಾತಕ್ಕೆ ಬೀದಿ ಮೂಗು ಮುಚ್ಚಿಕೊಂಡು ಬೈಯಿತು. "ಮೂಗು ಮುಚ್ಚಿಕೊಂಡಿದ್ದೀರಲ್ಲ, ಹಾಗೇ ಬಾಯೂ ಮುಚ್ಚಿಕೊಳ್ಳಿ" ಅಂದಳು.

ಈ ಮಳೆಗಾಲದ ಹೊತ್ತಿಗೆ ಶಾಲೆಯಲ್ಲಿ 'ಸೊಳ್ಳೆ ಪಡೆ' ಎದ್ದಿತು. ಎಬ್ಬಿಸಿದವರು ಆಟ ಆಡಿಸುವ ಪೀಪಿ ಟೀಚರ್. ಕೊರಳಲ್ಲಿ ಸದಾ ಪೀಪಿ. ಮಾತಿಗಿಂತ ಪೀಪಿ ಜಾಸ್ತಿ. ಮಕ್ಕಳು ಸತ್ತರೆ ಅಳುವುದಕ್ಕಿಂತ ಮಕ್ಕಳನ್ನೇ ಸೊಳ್ಳೆಯ ಮೇಲೆ ಬಿಡೋಣ ಅನ್ನುವುದು ಅವರ ಲೆಕ್ಕ. ಶನಿವಾರ ಬಂತೆಂದರೆ ಮಕ್ಕಳು ಜೋಡಿ ಜೋಡಿಯಾಗಿ ಬೀದಿಗೆ ಇಳಿಯುತ್ತಿದ್ದರು. ನಿಂತ ನೀರು ಕಂಡರೆ ಚೆಲ್ಲಬೇಕು, ಡ್ರಮ್ಮಿಗೆ ಬಟ್ಟೆ ಕಟ್ಟಿಸಬೇಕು. ನೀರಿನಲ್ಲಿ ಮರಿಹುಳ ಇದ್ದರೆ ಬಾಟ್ಲಿಗೆ ತುಂಬಿ ಟೀಚರಿಗೆ ಕೊಟ್ಟು, ಎಲ್ಲಿ ಸಿಕ್ಕಿತು ಅಂತ ಹೇಳಬೇಕು. ನೀರಿನಲ್ಲಿ ತಲೆಕೆಳಗಾಗಿ ಬಳುಕುವ ಆ ಮರಿಗಳಿಗೆ ಮಕ್ಕಳು 'ಕುಣಿಯೋ ಹುಳ' ಅನ್ನುತ್ತಿದ್ದರು. ಹುಳ ಸಿಕ್ಕಿದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ದೊಡ್ಡದೊಂದು ಸೊನ್ನೆ. ಸೊನ್ನೆ ಬರೆಯುವ ಕೆಲಸ ದರ್ಜಿಯ ಮಗನದು. ತಂಗಿಯನ್ನು ಕಳಕೊಂಡವನು ಅಂತ ಟೀಚರ್ ಅವನಿಗೇ ಕೊಟ್ಟಿದ್ದರು.

ದೊಡ್ಡವರು ಹೇಳಿದರೆ ಕೇಳದ ಬೀದಿ, ಬಾಗಿಲ ಮೇಲೆ ಸೊನ್ನೆ ಬಿದ್ದಾಗ ಕೇಳಿತು. ಸೊನ್ನೆ ಬಿದ್ದ ಮನೆಯವರಿಗೆ ಪರೀಕ್ಷೆಯಲ್ಲಿ ಸೊನ್ನೆ ಬಂದಷ್ಟು ಅವಮಾನ. ಡ್ರಮ್ಮುಗಳಿಗೆ ಮುಚ್ಚಳ ಬಂತು, ಒಡೆದ ಬಕೆಟ್ಟುಗಳು ಗುಜರಿಗೆ ಹೋದವು.

ಇದನ್ನೆಲ್ಲ ನೋಡಿ ಬೀದಿ ಸಂಘದ ಅಧ್ಯಕ್ಷರಿಗೆ ಉಮೇದು ಬಂತು. ಅಂಗಡಿಯ ಹಿಂದೆಯೇ ಅವರದೊಂದು ಹೊಸ ಕಟ್ಟಡ ಏಳುತ್ತಿತ್ತು. ಮೂಲೆಯ ಅಂಗಡಿ ಹೋದರೆ ಆ ಕಟ್ಟಡದ ಗೇಟು ಅಗಲವಾಗುತ್ತಿತ್ತು ಅನ್ನುವುದು ಬೀದಿಗೆಲ್ಲ ಗೊತ್ತು. ಅವರು ಶಾಲೆಗೆ ಬಂದು, ಯಾರು ಹೆಚ್ಚು ಬಾಟ್ಲಿ ಹುಳ ತಂದುಕೊಡುತ್ತಾರೋ ಅವರಿಗೆ ನನ್ನ ಕಡೆಯಿಂದ ಸೈಕಲ್ ಅಂತ ಸಾರಿದರು. ಮಾರನೇ ದಿನವೇ ಕೆಂಪು ಬಣ್ಣದ ಹೊಸ ಸೈಕಲ್ ಶಾಲೆಯ ಕಚೇರಿಯ ಕಿಟಕಿಯಲ್ಲಿ ನಿಂತಿತು. ಮಕ್ಕಳ ಮೂಗಿನ ಗುರುತುಗಳು ಕಿಟಕಿಯ ಗಾಜಿನ ಮೇಲೆ ಸಾಲಾಗಿ ಬಿದ್ದವು.

ಆಮೇಲೆ ಒಂದು ವಿಚಿತ್ರ ನಡೆಯಿತು. ಬೀದಿ ಒಣಗುತ್ತಾ ಹೋಯಿತು, ಬಾಟ್ಲಿಗಳು ಮಾತ್ರ ಹೆಚ್ಚುತ್ತಾ ಹೋದವು. ಎಲ್ಲಿ ಸಿಕ್ಕಿತು ಅಂದರೆ ಎಲ್ಲ ಮಕ್ಕಳ ಬಾಯಲ್ಲೂ ಒಂದೇ ಉತ್ತರ: "ಮೂಲೆಯ ಟೈರಲ್ಲಿ, ಮಿಸ್."

ಶನಿವಾರ ಸಂಜೆ ದರ್ಜಿಯ ಮಗ ಬಂದು ಪಂಕ್ಚರಮ್ಮನ ಬಾಗಿಲಿಗೆ ಸೊನ್ನೆ ಬರೆದ. ಅವಳು ಬೋಗುಣಿಯಲ್ಲಿ ಬಟ್ಟೆ ಅದ್ದಿ, ಅವನ ಮುಂದೆಯೇ ಒರೆಸಿದಳು.

"ಅಜ್ಜಿ, ಅಳಿಸಬಾರದು."

"ಹುಳ ತೋರಿಸು, ಅಳಿಸಲ್ಲ."

"ಬಾಟ್ಲಿಯಲ್ಲಿದೆ."

"ಬಾಟ್ಲಿ ನಿಮ್ಮ ಶಾಲೆದು. ಟೈರು ನಂದು. ಟೈರಲ್ಲಿ ತೋರಿಸು."

ಮುಂದಿನ ವಾರ ಅವನು ಇನ್ನೂ ದೊಡ್ಡ ಸೊನ್ನೆ ಬರೆದ. ಇವಳು ಇನ್ನೂ ಜೋರಾಗಿ ಒರೆಸಿದಳು. ಅದರ ಮುಂದಿನ ವಾರವೂ ಅಷ್ಟೇ. ಬಾಗಿಲಿನ ಆ ಜಾಗದಲ್ಲಿ ಬಣ್ಣವೇ ಹೋಗಿ ತಗಡು ಹೊಳೆಯತೊಡಗಿತು.

ಕೊನೆಗೆ ಅಧ್ಯಕ್ಷರೇ ಅಂಗಡಿಯ ಮುಂದೆ ಬಂದು ನಿಂತರು. ಟೀ ಅಂಗಡಿಯವರು, ಗಿರಾಕಿಗಳು, ಶಾಲೆ ಬಿಟ್ಟ ಮಕ್ಕಳು ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡರು.

"ನೋಡಮ್ಮ, ಇಡೀ ಬೀದಿ ಶುದ್ಧ ಆಗಿದೆ. ನಿನ್ನದೊಂದು ಬಾಕಿ. ಬಹುಮಾನದ ದಿನ ಎಲ್ಲರ ಮುಂದೆ ತೀರ್ಮಾನ ಮಾಡ್ತೀವಿ. ಈ ಮೂಲೆ ಖಾಲಿ ಆಗಬೇಕು."

"ಯಾರಿಗೆ ಆಗಬೇಕು? ಸೊಳ್ಳೆಗೋ, ನಿಮ್ಮ ಗೇಟಿಗೋ?"

"ನಾಲಿಗೆ ಬಿಗಿ ಹಿಡಿದು ಮಾತಾಡು."

"ನನ್ನ ಟೈರಿಗೆಲ್ಲ ತೂತಿದೆ, ನೀರು ನಿಲ್ಲಲ್ಲ. ಆದ್ರೂ ಹುಳ ಸಿಗುತ್ತೆ ಅಂದ್ರೆ ಯಾರೋ ನೀರು ತಂದು ಹಾಕ್ತಿದ್ದಾರೆ. ನೀವೇ ಹಾಕಿಸ್ತಿದ್ದೀರಿ!" ಅವಳು ಎದ್ದು ನಿಂತೇಬಿಟ್ಟಳು. "ಕೇಳ್ರಿ ಎಲ್ಲಾರೂ. ನನ್ನ ಟೈರಲ್ಲಿ ನೀರು ನಿಂತಿರೋದನ್ನ ಯಾರಾದ್ರೂ ತೋರಿಸಿದ್ರೆ, ಈ ಅಂಗಡೀನ ನನ್ನ ಕೈಯಾರೆ ಖಾಲಿ ಮಾಡ್ತೀನಿ!"

ದರ್ಜಿಯ ಮಷಿನ್ನಿನ ಸದ್ದು ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಬಹುಮಾನದ ಹಿಂದಿನ ದಿನ ಮಧ್ಯಾಹ್ನ ಒಬ್ಬ ಗಾಡಿಯವನು ಬಂದು, ಸಾಮಾನು ಬಿಗಿಯಲು ರಬ್ಬರ್ ಪಟ್ಟಿ ಬೇಕು ಅಂದ. ಹಳೇ ಟೈರು ಕೊಯ್ದು ಪಟ್ಟಿ ಮಾಡಿಕೊಡುವುದು ಅವಳ ಇನ್ನೊಂದು ಕಸುಬು. ರಾಶಿಯ ಹಿಂದೆ, ಗೋಡೆಗೆ ಅಂಟಿದ ಹಾಗಿದ್ದ ಒಂದು ಟೈರು ಒಳ್ಳೇ ದಪ್ಪಗಿತ್ತು ಅಂತ ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು. ಒಳಗೆ ಗುಳುಕ್ ಅಂದಿತು.

ಬಗ್ಗಿ ನೋಡಿದಳು. ಟೈರಿನ ಹೊಟ್ಟೆಯಲ್ಲಿ ತಿಳಿನೀರು. ನೀರಿನ ತುಂಬ ಕುಣಿಯೋ ಹುಳ.

ಬೆರಳು ತನ್ನ ಕೆಲಸ ಮರೆಯಲಿಲ್ಲ. ನೀರಿಗೆ ಕೈ ಹಾಕಿ ತೂತು ಎಲ್ಲಿ ಹೋಯಿತು ಅಂತ ತಡಕಿತು. ಸಿಕ್ಕಿತು. ಗುಂಡಗಿನ ಪ್ಯಾಚು. ಅಂಚು ತೆಳ್ಳಗೆ, ಎಲ್ಲಿ ಟೈರು ಮುಗಿಯಿತು ಎಲ್ಲಿ ಪ್ಯಾಚು ಶುರುವಾಯಿತು ಅಂತ ತಿಳಿಯದ ಹಾಗೆ.

ಗಾಡಿಯವನಿಗೆ "ಪಟ್ಟಿ ಇಲ್ಲಪ್ಪ, ನಾಳೆ ಬಾ" ಅಂತ ಹೇಳಿ ಕಳಿಸಿದಳು.

ಶಾಲೆ ಬಿಟ್ಟು ವಾಲ್‌ಟ್ಯೂಬು ಕುಣಿಯುತ್ತಾ ಬಂದಳು. ಅಂಗಡಿಯ ನಟ್ಟನಡುವೆ ಟೈರು ನೋಡಿ ಕುಣಿತ ನಿಂತಿತು.

"ಇದಕ್ಕೆ ಪ್ಯಾಚ್ ಹಾಕಿದ್ದು ಯಾರೇ?"

ಹುಡುಗಿ ಕಾಲಿನ ಹೆಬ್ಬೆರಳು ನೋಡುತ್ತಾ ನಿಂತಳು.

"ಚೆನ್ನಾಗಿ ಹಾಕಿದ್ದಾರೆ" ಅಂದಳು ಅಜ್ಜಿ, ಗಿರಾಕಿಯ ಹತ್ತಿರ ಮಾತಾಡುವ ದನಿಯಲ್ಲಿ. "ಅಂಚು ಮಾತ್ರ ಸರಿಯಾಗಿ ಉಜ್ಜಿಲ್ಲ."

"ಉಜ್ಜಿದ್ದೀನಿ ಅಜ್ಜಿ! ಎಷ್ಟೊತ್ತು ಉಜ್ಜಿದೆ ಗೊತ್ತಾ..."

ಮಾತು ಬಾಯಿಂದ ಜಾರಿತ್ತು. ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಯಾಕೇ?" ಅಜ್ಜಿಯ ದನಿ ಈಗ ಬೇರೆಯಾಗಿತ್ತು. "ಹೇಳು. ಯಾಕೆ?"

"ಹುಳ ತಂದ್ರೆ ಸೈಕಲ್ ಅಂದ್ರು. ಹುಳ ಎಲ್ಲಿಂದ ತರ್ಲಿ? ಎಲ್ಲಾ ಮನೇಲೂ ನಾವೇ ನೀರು ಚೆಲ್ಲಿಬಿಟ್ಟಿದ್ವಿ. ಇಲ್ಲಿ ನೋಡಿದ್ರೆ ನೀನು ಎಲ್ಲಾದಕ್ಕೂ ತೂತು ಹಾಕಿಟ್ಟಿದ್ದೀಯ!" ಹುಡುಗಿ ಅಳುತ್ತಲೇ ಜಗಳಕ್ಕೆ ನಿಂತಳು; ಅಜ್ಜಿಯ ಮೊಮ್ಮಗಳಲ್ಲವೇ. "ನಾನು ಸೊಳ್ಳೆ ಆಗೋಕೆ ಬಿಡ್ತಿರಲಿಲ್ಲ. ರೆಕ್ಕೆ ಬರೋಕೆ ಮುಂಚೆನೇ ಬಾಟ್ಲಿಗೆ ಹಾಕ್ತಿದ್ದೆ."

"ಎಲ್ಲಾನೂ?"

"ಎಲ್ಲಾನೂ."

"ಒಂದೂ ಹಾರಿಹೋಗಿಲ್ಲ?"

ಹುಡುಗಿ ಉತ್ತರ ಕೊಡಲು ಬಾಯಿ ತೆಗೆದಳು. ಪಕ್ಕದ ಅಂಗಡಿಯಲ್ಲಿ ಮಷಿನ್ನು ಓಡುತ್ತಿತ್ತು. ಅವಳು ಆ ಕಡೆ ನೋಡಿದಳು, ದರ್ಜಿಯ ಬೆನ್ನು ಕಂಡಿತು. ಅಜ್ಜಿಯ ಮಂಡಿಯ ಗೋಣಿಚೀಲದ ಮೇಲೆ ಮುಖವಿಟ್ಟು ಬಿಕ್ಕಿದಳು.

ಪಂಕ್ಚರಮ್ಮ ಹುಡುಗಿಗೆ ಹೊಡೆಯಲಿಲ್ಲ. ಹೊಡೆಯಬೇಕು ಅಂತ ಎತ್ತಿದ ಕೈ ಎಲ್ಲಿ ಇಳಿಸಬೇಕು ಅಂತ ತಿಳಿಯದೆ ಅವಳ ತಲೆಯ ಮೇಲೇ ಇಳಿಯಿತು. ಆ ಪ್ಯಾಚನ್ನು ಕಿತ್ತರೆ ಮುಗಿಯಿತು. ನೀರು ಹರಿದುಹೋಗುತ್ತೆ, ತೂತು ತೂತಾಗೇ ಉಳಿಯುತ್ತೆ, ನಾಳೆ ಸೈಕಲ್ ಮನೆಗೆ ಬಂದರೂ ಬಂದೀತು. ಆಡಿದ ಮಾತೂ ಉಳಿಯುತ್ತೆ. ಅಧ್ಯಕ್ಷರ ಮೇಲೆ ಹೊರಿಸಿದ ಸುಳ್ಳು ಮಾತ್ರ ಹಾಗೇ ಇರುತ್ತೆ. ಇರಲಿ, ಅವರೇನು ಹಾಲು ಕುಡಿಯುವ ಕೂಸಲ್ಲ. ಕೈ ಟೈರಿನೊಳಗೆ ಹೋಗಿ ಪ್ಯಾಚಿನ ಅಂಚನ್ನು ಉಗುರಿನಿಂದ ಕೆದಕಿತು. ಅಂಚು ಸಿಗಲಿಲ್ಲ. ಅಷ್ಟು ಚೆನ್ನಾಗಿ ಅಂಟಿಸಿದ್ದಳು ಹುಡುಗಿ.

ಅವಳು ಕೈ ಹೊರಗೆ ತೆಗೆದಳು. ಒಂದು ಗೋಣಿತಟ್ಟು ತಂದು ಟೈರಿನ ಮೇಲೆ ಮುಚ್ಚಿ, ಸುತ್ತ ಹಗ್ಗ ಬಿಗಿದಳು, ಒಂದು ಸೊಳ್ಳೆಯೂ ಏಳದ ಹಾಗೆ.

ಮಾರನೇ ದಿನ ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು, ಬೀದಿಯವರು ಹಿಂದೆ ನಿಂತಿದ್ದರು. ಜಗಲಿಯ ಮೇಲೆ ಸೈಕಲ್, ಸೈಕಲ್ಲಿನ ಪಕ್ಕ ಅಧ್ಯಕ್ಷರು. ಪೀಪಿ ಟೀಚರ್ ಬಹುಮಾನದ ಚೀಟಿ ಬಿಚ್ಚುವಷ್ಟರಲ್ಲಿ ಗೇಟಿನ ಕಡೆ ಗದ್ದಲವಾಯಿತು. ಅಜ್ಜಿ ಒಂದು ಕಡೆ, ಮೊಮ್ಮಗಳು ಒಂದು ಕಡೆ ಹಿಡಿದು, ತಟ್ಟು ಕಟ್ಟಿದ ಟೈರನ್ನು ಹೊತ್ತು ತರುತ್ತಿದ್ದರು. ಹೆಜ್ಜೆಗೊಮ್ಮೆ ನೀರು ತುಳುಕಿ ಇಬ್ಬರ ಕಾಲೂ ಒದ್ದೆ.

"ನೆಟ್ಟಗೆ ಹಿಡಿಯೇ."

"ಹಿಡಿದಿದ್ದೀನಿ ಅಜ್ಜಿ, ನೀನೇ ಓಡ್ತಿದ್ದೀಯ."

ಜಗಲಿಯ ಮುಂದೆ ಇಳಿಸಿ ಪಂಕ್ಚರಮ್ಮ ತಟ್ಟು ಕಿತ್ತಳು. ಮುಂದಿನ ಸಾಲಿನ ಮಕ್ಕಳು ಬಗ್ಗಿ ನೋಡಿ "ಅಬ್ಬಾ!" ಅಂದರು.

"ಇವರು ನನ್ನ ಟೈರಿಗೆ ನೀರು ಹಾಕಿಸ್ತಾರೆ ಅಂದಿದ್ದೆ. ಸುಳ್ಳು. ಹಾಕಿದ್ದು ನನ್ನ ಮನೆಯವಳೇ. ನಾನು ಕೊರೆದ ತೂತಿಗೆ, ನಾನೇ ಕಲಿಸಿದ ಪ್ಯಾಚ್ ಹಾಕಿ, ಹುಳ ಸಾಕಿದ್ದಾಳೆ." ಅವಳು ಅಧ್ಯಕ್ಷರ ಕಡೆ ತಿರುಗಿದಳು. "ನಿಮ್ಮ ಮೇಲೆ ಹೊರಿಸಿದ್ದು ತಪ್ಪಾಯ್ತು. ಎಲ್ಲರ ಮುಂದೆ ಹೊರಿಸಿದ್ದೆ, ಎಲ್ಲರ ಮುಂದೆ ಇಳಿಸ್ತಿದ್ದೀನಿ."

ಅಧ್ಯಕ್ಷರು ಬಯಸಿದ್ದೂ ಅದೇ, ಅವರಿಗೆ ಸಿಕ್ಕಿದ್ದೂ ಅದೇ. "ಒಳ್ಳೇದಾಯ್ತು. ನೀರು ನಿಂತಿದ್ದು ತೋರಿಸಿದ್ರೆ ಅಂಗಡಿ ಖಾಲಿ ಮಾಡ್ತೀನಿ ಅಂದಿದ್ದೆ. ನೀನೇ ತೋರಿಸಿದ್ದೀಯ. ಯಾವಾಗ ಖಾಲಿ ಮಾಡ್ತೀಯ?"

"ಮಾಡಲ್ಲ."

ಹಿಂದೆ ನಿಂತಿದ್ದವರು ಕತ್ತು ಚಾಚಿದರು.

"ಆಡಿದ ಮಾತು?"

"ನಾಲಿಗೆ ನಂದು. ಆಡಿದ್ದೂ ನಾನೇ, ನುಂಗೋದೂ ನಾನೇ. ಮಾತು ತಪ್ಪಿದವಳು ಅಂತ ದಿನಾ ನನ್ನ ಮುಂದೆ ಹೇಳ್ಕೊಂಡು ಓಡಾಡಿ, ತಲೆ ತಗ್ಗಿಸಿ ಕೇಳ್ತೀನಿ. ಆದ್ರೆ ತಲೆ ತಗ್ಗಿಸೋದೂ ಆ ಮೂಲೆಯಲ್ಲಿ ಕೂತೇ!"

ಯಾರೋ ನಕ್ಕರು. ಪೀಪಿ ಟೀಚರ್ ನಗಲಿಲ್ಲ. ಅವರು ಟೈರಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಹುಳಗಳನ್ನು ನೋಡಿ, ಮೆಲ್ಲಗೆ ವಾಲ್‌ಟ್ಯೂಬನ್ನು ಕೇಳಿದರು: "ನೀನೊಬ್ಬಳೇನಾ?"

ಬೇರೆಯವರ ಹೆಸರು ಹುಡುಗಿಯ ಬಾಯಿಂದ ಬರುವ ಹಾಗಿರಲಿಲ್ಲ. ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಬಂತು: "ಮಿಸ್, ನಮ್ಮದು ಮಹಡಿ ಮೇಲಿನ ಬಕೆಟ್ಟಲ್ಲಿ." ಇನ್ನೊಂದು: "ನಮ್ಮದು ಹಳೇ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ." ಮತ್ತೊಂದು: "ನಾನು ಅಣ್ಣನ ಹೆಲ್ಮೆಟ್ಟಲ್ಲಿ ಸಾಕಿದ್ದೆ, ಮಿಸ್." ಆ ಅಣ್ಣ ಅಲ್ಲೇ ನಿಂತಿದ್ದ; ತಲೆ ಮುಟ್ಟಿ ನೋಡಿಕೊಂಡ. ತಮ್ಮ ಬಾಗಿಲಿಗೆ ಸೊನ್ನೆ ಬೀಳಬಾರದು ಅಂತ ಎಲ್ಲರೂ ಮೂಲೆಯ ಟೈರಿನ ಹೆಸರು ಹೇಳಿದ್ದರು. ಹೇಗೂ ಎಲ್ಲರೂ ನಂಬುತ್ತಿದ್ದರಲ್ಲ.

ಟೀಚರ್ ಎದ್ದು ನಿಂತರು. ಅವರ ಮುಖ ಕೆಂಪಗಾಗಿತ್ತು. "ಹುಳಕ್ಕೆ ಬಹುಮಾನ ಅಂದಾಗ ಬೇಡ ಅನ್ನಬೇಕಿತ್ತು ನಾನು. ಸೈಕಲ್ ನೋಡಿ ನಾನೂ ಮಕ್ಕಳ ಹಾಗೆ ಕುಣಿದೆ. ಸೈಕಲ್ ಯಾರಿಗೂ ಇಲ್ಲ. ಪಡೆ ಮಾತ್ರ ನಿಲ್ಲಲ್ಲ. ಇವತ್ತು ಸಂಜೆಯೊಳಗೆ ಸಾಕಿದವರೆಲ್ಲ ಸಾಕಿದ್ದನ್ನು ಮಣ್ಣಿಗೆ ಚೆಲ್ಲಬೇಕು, ನಾನೇ ಬಂದು ನೋಡ್ತೀನಿ."

"ಪಡೆ ಇರಲಿ ಟೀಚರ್" ಅಂದರು ಅಧ್ಯಕ್ಷರು. "ಟೈರಿನ ರಾಶಿ? ಒಂದಕ್ಕೆ ಪ್ಯಾಚ್ ಬಿದ್ದಿದೆ ಅಂದ್ರೆ ಉಳಿದದ್ದು ಸರಿಯಿದೆ ಅಂತ ಯಾರು ನಂಬ್ತಾರೆ?"

"ನಂಬಬೇಡಿ" ಅಂದಳು ಪಂಕ್ಚರಮ್ಮ. "ನೀರು ತನ್ನಿ. ಹೊಯ್ದು ನೋಡಿ."

ಆಗ ಹಿಂದಿನಿಂದ ಒಬ್ಬರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ದರ್ಜಿ. ಅವನು ಅವಳ ಮುಖ ನೋಡಲಿಲ್ಲ. ಶಾಲೆಯ ನಲ್ಲಿಯ ಕೆಳಗಿದ್ದ ತಂಬಿಗೆ ತುಂಬಿಕೊಂಡು ರಸ್ತೆ ದಾಟಿದ. ಅವನ ಹಿಂದೆ ಮಗ, ಮಗನ ಹಿಂದೆ ಪಡೆ, ಕೈಗೆ ಸಿಕ್ಕಿದ ತಂಬಿಗೆ ಲೋಟ ಬಾಟ್ಲಿ ತುಂಬಿಕೊಂಡು ಇಡೀ ಶಾಲೆಯೇ ರಸ್ತೆ ದಾಟಿತು.

ದರ್ಜಿ ಮೊದಲ ಟೈರಿಗೆ ನೀರು ಹೊಯ್ದ. ನೀರು ತೂತಿನಿಂದ ಸೋರಿ ಅವನ ಪಾದದ ಮೇಲೆ ಹರಿಯಿತು. ಎರಡನೆಯದಕ್ಕೆ ಹೊಯ್ದ, ಹರಿಯಿತು. ಮಕ್ಕಳು ಟೈರು ಎತ್ತಿಕೊಡುತ್ತಾ ಬಂದರು, ಅವನು ಹೊಯ್ಯುತ್ತಾ ಹೋದ. ಅಂಗಡಿಯ ಮುಂದಿನ ಮಣ್ಣು ಕೆಸರಾಯಿತು. ರಾಶಿ ಕರಗುತ್ತಾ ಬಂತು. ಪಂಕ್ಚರಮ್ಮ ಸೊಂಟದ ಮೇಲೆ ಕೈಯಿಟ್ಟು ಅಧ್ಯಕ್ಷರನ್ನು ನೋಡುತ್ತಾ ನಿಂತಿದ್ದಳು. ಆಗ ದರ್ಜಿ ಒಂದು ಟೈರಿಗೆ ನೀರು ಹೊಯ್ದು, ಸುಮ್ಮನೆ ನಿಂತ.

ನೀರು ಹರಿಯಲಿಲ್ಲ.

ಎಲ್ಲರೂ ಕಾದರು. ನೀರು ಟೈರಿನ ಹೊಟ್ಟೆಯಲ್ಲಿ ಕನ್ನಡಿಯ ಹಾಗೆ ನಿಂತೇ ಇತ್ತು. ವಾಲ್‌ಟ್ಯೂಬು ಓಡಿಬಂದು, "ಇದು ನಾನಲ್ಲ! ಆಣೆಗೂ ಇದಕ್ಕೆ ನಾನು ಹಾಕಿಲ್ಲ!" ಅಂದಳು.

ಪಂಕ್ಚರಮ್ಮ ಬಗ್ಗಿ ತೂತಿಗೆ ಬೆರಳು ಹಾಕಿದಳು. ಪ್ಯಾಚು ಇರಲಿಲ್ಲ. ಮಣ್ಣು ಕಟ್ಟಿಕೊಂಡಿತ್ತು. ದಬ್ಬಳದಿಂದ ಚುಚ್ಚಿದಳು, ಕಪ್ಪು ಹೆಂಟೆ ಕಳಚಿ ಬಿದ್ದು ನೀರು ಸೋರಿತು.

ಮಗಳು ಹೋದ ಮೇಲೆ ದರ್ಜಿ ಮೊದಲ ಸಲ ಪಂಕ್ಚರಮ್ಮನ ಜೊತೆ ಮಾತಾಡಿದ. "ಇದು ಯಾವಾಗಿಂದ?"

ಬಾಯಿಗೆ ಬಂದ ಉತ್ತರಗಳು ಬೇಕಾದಷ್ಟಿದ್ದವು. ಅವಳ ಬಾಯಿಗೆ ಉತ್ತರ ಸಿಗದ ದಿನವೇ ಇರಲಿಲ್ಲ.

"ಗೊತ್ತಿಲ್ಲ" ಅಂದಳು. "ತೂತು ಹಾಕಿದೆ. ಆಮೇಲೆ ನೋಡಲಿಲ್ಲ."

"ಕೇಳಿದ್ರಲ್ಲ" ಅಂದರು ಅಧ್ಯಕ್ಷರು. "ಇನ್ನು ಮಾತೇ ಬೇಡ. ರಾಶಿ ಇಲ್ಲಿಂದ ಹೋಗಲಿ."

"ಎಲ್ಲಿಗೆ?" ದರ್ಜಿ ಅವರ ಕಡೆ ತಿರುಗಿದ. "ಊರಾಚೆ ಎಲ್ಲೋ ಬಿಸಾಡ್ತಾರೆ. ಅಲ್ಲೂ ಮಳೆ ಬರುತ್ತೆ, ಅಲ್ಲೂ ಯಾರದೋ ಮಕ್ಕಳಿರ್ತಾರೆ. ಆ ತೂತು ನೋಡೋಕೆ ನಾನು ಎಲ್ಲಿಗೆ ಹೋಗ್ಲಿ? ಇಲ್ಲೇ ಇರ್ಲಿ. ನನ್ನ ಕಣ್ಣೆದುರಿಗೇ ಇರ್ಲಿ. ಪ್ರತಿ ಶನಿವಾರ ನಾನೇ ನೀರು ಹೊಯ್ತೀನಿ, ಈ ಮಕ್ಕಳು ದಬ್ಬಳ ಹಿಡೀಲಿ."

ಮಗು ಕಳಕೊಂಡವನ ಮುಂದೆ ಅಧ್ಯಕ್ಷರೂ ಹಿಂದೆ ಸರಿದರು. ಹಿಂದೆ ನಿಂತಿದ್ದ ಬೀದಿಯವರು "ಅದೇ ಸರಿ, ಅದೇ ಸರಿ" ಅಂದರು. ಯಾವ ಕಡೆಗೆ ಗಾಳಿ ಬೀಸಿದರೂ ಸರಿ ಅನ್ನುವ ಬೀದಿ ಅದು.

ದರ್ಜಿ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ, ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸುಣ್ಣದ ತುಂಡು ತೆಗೆದು, ಪಂಕ್ಚರಮ್ಮನ ಬಾಗಿಲಿನ ಹೊಳೆಯುವ ತಗಡಿನ ಮೇಲೆ ದೊಡ್ಡದಾಗಿ ಸೊನ್ನೆ ಬರೆದ. ಅವಳು ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ನಿಂತಿದ್ದಳು.

"ಅಳಿಸಬಾರದು" ಅಂದ.

"ಅಳಿಸಲ್ಲ."

ಆ ವಾರವೆಲ್ಲ ಗಿರಾಕಿಗಳು ಕೇಳಿದರು, "ಏನಮ್ಮ, ನಿನ್ನ ಬಾಗಿಲಿಗೂ ಸೊನ್ನೆ?" ಅವಳು ಪಂಪು ಒತ್ತುತ್ತಲೇ, "ಓದು ಬರದಿದ್ದವಳಿಗೆ ಇಷ್ಟಾದ್ರೂ ಬಂತಲ್ಲ. ನಿಮ್ಮ ಮನೆ ಡ್ರಮ್ಮು ನೋಡ್ಕೊಂಡಿದ್ದೀರಾ?" ಅಂತ ತಿರುಗಿ ಕೇಳಿದಳು. ಸಂಜೆ ವಾಲ್‌ಟ್ಯೂಬು ದಬ್ಬಳ ಹಿಡಿದು ಒಂದೊಂದೇ ಟೈರಿನ ತೂತು ಕೆದಕಿದಳು. ಸೈಕಲ್ಲಿನ ಮಾತು ಯಾರೂ ಎತ್ತಲಿಲ್ಲ. ಶಾಲೆಯ ಕಿಟಕಿಯ ಕಡೆ ಮಾತ್ರ ಹುಡುಗಿ ಬೆನ್ನು ಹಾಕಿಕೊಂಡೇ ಕೂರುತ್ತಿದ್ದಳು.

ಶನಿವಾರ ದರ್ಜಿ ತಂಬಿಗೆ ಹಿಡಿದು ಬಂದ. ರಾಶಿಯ ಅಷ್ಟೂ ಟೈರುಗಳಿಗೆ ನೀರು ಹೊಯ್ದ, ಅಷ್ಟರಿಂದಲೂ ಹರಿದುಹೋಯಿತು. ಅವನು ಮಗನಿಗೆ ಸನ್ನೆ ಮಾಡಿದ. ಮಗ ಬಟ್ಟೆ ಅದ್ದಿ, ತಾನು ಒರೆಸದೆ ವಾಲ್‌ಟ್ಯೂಬಿನ ಕೈಗೆ ಕೊಟ್ಟ. ಅವಳು ತುದಿಗಾಲಲ್ಲಿ ನಿಂತು ಸೊನ್ನೆ ಒರೆಸಿದಳು. ದರ್ಜಿ ಅಂಗಡಿಗೆ ಹಿಂದಿರುಗಿ ಮಷಿನ್ನಿನ ಮುಂದೆ ಕೂತ. ಮಷಿನ್ನು ತಿರುಗಿಸಲಿಲ್ಲ, ಬೆನ್ನು ಇನ್ನೂ ಈ ಕಡೆಗೇ ಇತ್ತು. ಸ್ವಲ್ಪ ಹೊತ್ತಿಗೆ ತಲೆಯೆತ್ತದೆಯೇ, "ಅಕ್ಕಾ, ಟೀ ಹೇಳ್ಲಾ?" ಅಂದ.

"ಹೇಳು" ಅಂದಳು ಪಂಕ್ಚರಮ್ಮ. ಟ್ಯೂಬನ್ನು ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ನೋಡುವವಳ ಹಾಗೆ ಬಗ್ಗಿದಳು.

ಅಷ್ಟರಲ್ಲಿ ಅಂಗಡಿಯ ಹಿಂದೆ ಪೀಪಿ ಕೂಗಿತು. ಪಡೆ ಅಧ್ಯಕ್ಷರ ಹೊಸ ಕಟ್ಟಡದ ಮುಂದೆ ನಿಂತಿತ್ತು. ಇಷ್ಟು ದಿನ ಕಾವಲುಗಾರ ಬಿಟ್ಟಿರಲಿಲ್ಲ. ಬಹುಮಾನ ಕೊಡುವವರ ಬಾಗಿಲು ತಟ್ಟಲು ಯಾರಿಗೂ ಬಾಯಿಯೂ ಬಂದಿರಲಿಲ್ಲ. ಈವತ್ತು ಟೀಚರ್ ಕದಲಲಿಲ್ಲ. ಪೀಪಿ ನಿಲ್ಲಿಸಲೂ ಇಲ್ಲ. ಕಿವಿ ಮುಚ್ಚಿಕೊಂಡು ಕಾವಲುಗಾರ ಗೇಟು ತೆಗೆದ. ಮಕ್ಕಳು ಒಳಗೆ ಹೋದರು. ಲಿಫ್ಟಿಗೆ ಅಂತ ತೋಡಿದ ಗುಂಡಿಯ ನೀರಿನಿಂದ ಒಂದು ಬಾಟ್ಲಿ ತುಂಬಿಕೊಂಡು ಹೊರಗೆ ಬಂದರು. ಬಿಸಿಲಿಗೆ ಹಿಡಿದರೆ ಒಳಗೆ ಕುಣಿತವೋ ಕುಣಿತ. ದರ್ಜಿಯ ಮಗ ಹೊಸದಾಗಿ ಬಣ್ಣ ಹೊಡೆದ ಗೇಟಿನ ಮೇಲೆ ಅಷ್ಟೇ ದೊಡ್ಡ ಸೊನ್ನೆ ಬರೆದ.

ಅಧ್ಯಕ್ಷರು ಕಾರಿನಿಂದ ಇಳಿದು ಅದನ್ನು ನೋಡಿದರು. ಕಾವಲುಗಾರನ ಕಡೆ ನೋಡಿದರು. ಕಾವಲುಗಾರ ಬಟ್ಟೆ ತರಲು ಓಡಿದ.

"ಅಧ್ಯಕ್ಷರೇ!" ಮೂಲೆಯಿಂದ ಪಂಕ್ಚರಮ್ಮನ ದನಿ ಇಡೀ ಬೀದಿಗೆ ಕೇಳಿಸಿತು. "ಅಳಿಸಬೇಡಿ! ವಾರಗಟ್ಟಲೆ ಅಳಿಸಿ ನೋಡಿದವಳು ಹೇಳ್ತಿದ್ದೀನಿ ಕೇಳಿ. ಬಣ್ಣ ಹೋಗುತ್ತೆ, ಹುಳ ಹೋಗಲ್ಲ! ಬೇಕಾದ್ರೆ ಬಕೆಟ್ಟು ಕೊಡ್ತೀನಿ, ನೀರು ಎತ್ತಿ ಹಾಕಿ!"

ಬಕೆಟ್ಟು ಎತ್ತಿಕೊಂಡು ವಾಲ್‌ಟ್ಯೂಬು ಆಗಲೇ ಓಡುತ್ತಿದ್ದಳು.